ಅಜ್ಜಿಯ ಕಿವಿಯಲ್ಲಿ ಕಡಲಹಕ್ಕಿಗಳು

ಹಾಸ್ಟೆಲ್, ರೂಮ್ ಹದಿನಾಲ್ಕು
ಜೂನ್ ೮, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೆ? ದ್ವೀಪದಲ್ಲಿ ಹಕ್ಕಿಜ್ವರಕ್ಕೆ ಹಕ್ಕಿಗಳು ಇನ್ನೂ ಸಾಯುತ್ತಿವೆ ಎಂದು ನಿಮ್ಮ ಆಫೀಸಿನವರು ಹೇಳಿದರು. ಇಪ್ಪತ್ತು ವರ್ಷ ಒಂದೊಂದೇ ಗೂಡು ಕಾದು ಬೆಳೆಸಿದ ಕಾಲೊನಿ. ಈಗ ನೀನೇ ಗ್ಲೌಸ್ ಹಾಕಿಕೊಂಡು ಸತ್ತವನ್ನು ಚೀಲಕ್ಕೆ ತುಂಬುತ್ತಿರುತ್ತೀಯ ಎಂದು ನೆನೆದು ಮೆಸ್ಸಿನಲ್ಲಿ ಅರ್ಧ ಊಟಕ್ಕೇ ಎದ್ದು ಬರುತ್ತೇನೆ. ನಾನು ಚೆನ್ನಾಗಿದ್ದೇನೆ, ಅಂದರೆ ಕೆಮಿಸ್ಟ್ರಿ ಟೆಸ್ಟಿನಲ್ಲಿ ಡುಮ್ಕಿ ಹೊಡೆದಿಲ್ಲ, ಅಷ್ಟೆ.

ಅಜ್ಜಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಾಳೆ. ಹಾರ್ಟ್ ತುಂಬಾ ವೀಕ್ ಆಗಿದೆ, ಮನೆಗೆ ಕಳಿಸುವ ಮಾತಿಲ್ಲ ಎಂದರು ಡಾಕ್ಟರ್. ರೋಗ ಹೋಗುವವರೆಗೆ ದ್ವೀಪದಿಂದ ಯಾರೂ ಹೊರಡಬಾರದು, ಬೇರೆ ಕಡೆಯ ಹಕ್ಕಿಗಳಿಗೂ ಅಂಟುತ್ತದೆ, ಆ ರೂಲ್ ಬರೆದದ್ದೇ ಅಮ್ಮ ಎಂದು ಚಿಕ್ಕಮ್ಮನಿಗೆ ಹೇಳಿ ಹೇಳಿ ಸಾಕಾಯಿತು. "ಹಕ್ಕಿಗೆ ಹುಷಾರಿಲ್ಲ ಅಂದ್ರೆ ಕಾವಲು ಕೂರ್ತಾಳೆ, ಹೆತ್ತವಳಿಗೆ ಹುಷಾರಿಲ್ಲ ಅಂದ್ರೆ ರೂಲ್ ಹೇಳ್ತಾಳೆ" ಎನ್ನುತ್ತಾಳೆ. ಆಮೇಲೆ ಕಾರಿಡಾರಿಗೆ ಹೋಗಿ ಒಬ್ಬಳೇ ಅಳುತ್ತಾಳೆ. ನೀನು ಬೇಜಾರು ಮಾಡಿಕೊಳ್ಳಬೇಡ.

ನಾನೊಂದು ಕೆಲಸ ಮಾಡಿದೆ, ಸರಿಯೋ ತಪ್ಪೋ ಗೊತ್ತಿಲ್ಲ. ಗೂಡುಗಳ ಹತ್ತಿರ ಕೂತು ನೀನು ಮಾಡಿದ ಹಳೆಯ ರೆಕಾರ್ಡಿಂಗ್‌ಗಳು ನನ್ನ ಲ್ಯಾಪ್‌ಟಾಪಿನಲ್ಲಿದ್ದವಲ್ಲ, ಅವನ್ನು ಅಜ್ಜಿಗೆ ಕೇಳಿಸಿದೆ. ಪ್ರತಿಯೊಂದರ ಶುರುವಿನಲ್ಲೂ ನೀನು ಹವಾಮಾನ ಹೇಳುತ್ತೀಯ, ಗಾಳಿ ಜೋರಾಗಿದೆ, ಮೋಡ ಇದೆ ಎಂದು. ಆಮೇಲೆ ಬರೀ ಹಕ್ಕಿಗಳ ಗಲಾಟೆ. ಅಜ್ಜಿ ಕಣ್ಣು ಬಿಟ್ಟು, "ಸ್ವೆಟರ್ ಹಾಕ್ಕೊಂಡಿದ್ದೀಯೇನೇ?" ಎಂದಳು. ಫೋನೇ ಸಿಗದ ಜಾಗದಿಂದ ನೀನು ಫೋನ್ ಮಾಡಿದ್ದೀಯ ಎಂದುಕೊಂಡಿದ್ದಾಳೆ. ಅಲ್ಲ ಎನ್ನುವ ಬದಲು ನಾನು ಇನ್ನೊಂದು ಫೈಲ್ ಹಾಕಿದೆ. ಈಗ ದಿನಾ ಸಂಜೆ ನಿಮ್ಮಿಬ್ಬರ ಮಾತುಕತೆ. ನೀನು ಗಾಳಿ ಎನ್ನುತ್ತೀಯ, ಅವಳು ಕಿವಿಗೆ ಹತ್ತಿ ಇಟ್ಟುಕೋ ಎನ್ನುತ್ತಾಳೆ. ನಿಮ್ಮಮ್ಮ ಕೋಳಿ ಸಾಕಿದ್ದಾರಾ ಎಂದು ನರ್ಸ್ ಕೇಳಿದರು. ಎಷ್ಟೋ ದಿನದ ಮೇಲೆ ಚಿಕ್ಕಮ್ಮನೂ ನಕ್ಕಳು.

ಅಜ್ಜಿಯ ಆಶೀರ್ವಾದ, ಚಿಕ್ಕಮ್ಮನ ಕೋಪ ಎರಡನ್ನೂ ಇದರಲ್ಲೇ ಮಡಚಿ ಕಳಿಸುತ್ತಿದ್ದೇನೆ. ಹೊತ್ತುಹೊತ್ತಿಗೆ ತಿನ್ನು.

ನಿನ್ನ
ಪುಕ್ಕಲಿ

ಮರೆತಿದ್ದೆ: ದೋಣಿಗೆ ಸಾಮಾನು ಒಯ್ಯುವವರು ಗೇಟಿನಲ್ಲಿ ಕಾಯುತ್ತಿದ್ದಾರೆ. ನಿನ್ನೆಯಿಂದ ಅಜ್ಜಿ ಸ್ವೆಟರ್ ವಿಷಯ ಎತ್ತುತ್ತಿಲ್ಲ. "ಯಾವಾಗ ಬರ್ತೀಯ?" ಎಂದಷ್ಟೇ ಕೇಳುತ್ತಾಳೆ, ಕೇಳಿ ಸುಮ್ಮನೆ ಕಾಯುತ್ತಾಳೆ. ಲ್ಯಾಪ್‌ಟಾಪಿನಲ್ಲಿ ಹಕ್ಕಿಗಳು ಕಿರುಚುತ್ತವೆ. ಎಲ್ಲ ಫೈಲೂ ಹುಡುಕಿದೆ ಅಮ್ಮಾ, ನೀನು ಯಾವುದರಲ್ಲೂ ಅದಕ್ಕೆ ಉತ್ತರ ಹೇಳಿಲ್ಲ. ಕವರಿನಲ್ಲಿ ನಿನ್ನ ರೆಕಾರ್ಡರಿಗೆ ಒಂದು ಮೆಮೊರಿ ಕಾರ್ಡ್ ಇಟ್ಟಿದ್ದೇನೆ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಇದೇ ದೋಣಿಯಲ್ಲಿ ವಾಪಸ್ ಕಳಿಸಬಹುದಂತೆ, ವಿಚಾರಿಸಿದೆ. ಗಾಳಿ ಗೀಳಿ ಏನೂ ಬೇಡ. ನಾಳೆ ಬರ್ತೀನಿ ಅಂತ ಹೇಳು. ಸುಳ್ಳಾದರೂ ಹೇಳು.