ಉತ್ತರ ಬಾರದಿದ್ದರೆ

ಸಾಗರ
ಗುರುವಾರ, ೨೧ ಆಗಸ್ಟ್ ೧೯೮೬

ಪ್ರೀತಿಯ ಸರೋಜ,

ಕ್ಷೇಮ ಕೇಳುವ ಮುಖ ನನಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ಸೋಮವಾರ ಹೊಸನಗರದ ವಿಚಾರಣೆಯಲ್ಲಿ ನಿನ್ನ ಯಜಮಾನರು ಹೂವಯ್ಯನವರು ಯಾವ ಕಾಗದಕ್ಕೂ ಸಹಿ ಹಾಕಬಾರದು. ಹೊಳೆಯ ನೀರು ಅಳೆಯುವ ಯಂತ್ರವನ್ನು ಅವರು ಆಫ್ ಮಾಡಲಿಲ್ಲ. ಮಾಡಿದ್ದು ನನ್ನ ಪ್ರೋಗ್ರಾಮು.

ಬಿಡಿಸಿ ಹೇಳುತ್ತೇನೆ. ಶಾಲೆಯಲ್ಲಿ ಲೆಕ್ಕದಲ್ಲಿ ನೀನು ನನಗಿಂತ ಜಾಣೆಯೇ ಆಗಿದ್ದೆ. ಆ ಯಂತ್ರದ ಪೆಟ್ಟಿಗೆಯೊಳಗೊಂದು ಪುಟ್ಟ ಕಂಪ್ಯೂಟರಿದೆ. ಹೊಳೆದಂಡೆಗೆ ಕರೆಂಟಿಲ್ಲ, ಬ್ಯಾಟರಿಯೇ ಗತಿ. ಕೆಲಸವಿಲ್ಲದ ಭಾಗಗಳನ್ನು ಆಫ್ ಮಾಡಿ ಬ್ಯಾಟರಿ ಉಳಿಸುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನ ಹೊಣೆ. ಅದು ಮೊದಲು ಒಂದೊಂದು ಭಾಗವನ್ನೂ ‘ಆಫ್ ಮಾಡಲೇ?’ ಎಂದು ಕೇಳಬೇಕು. ಆ ಭಾಗ ಹೂಂ ಅಥವಾ ಊಹೂಂ ಅನ್ನಬೇಕು. ಈ ಕೇಳುವ, ಹೇಳುವ ಕ್ರಮವನ್ನೆಲ್ಲ ರೂಪಿಸಿದವಳು ನಾನು. ಮೂರು ವರ್ಷ ಅದೇ ಧ್ಯಾನ. ಎರಡು ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿ, ಎಂದು ಬರೆದೆ.

ಬೇರೆ ಥರ ಬರೆಯಬಹುದೆಂದು ನನಗೆ ಹೊಳೆಯಲೇ ಇಲ್ಲ. ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ ನೀನೂ ಇದ್ದೆಯಲ್ಲ. ಅಪ್ಪಯ್ಯ ಒಪ್ಪಿಗೆಯೇ ಎಂದು ಕೇಳಿದರು, ನಾನು ನೆಲ ನೋಡಿದೆ. “ಕೂಸು ಎಂತೂ ಹೇಳಿದ್ದಿಲ್ಲೆ, ಒಪ್ಗೆ ಇದ್ದು” ಎಂದು ಅಮ್ಮ ಸಕ್ಕರೆ ತಂದೇ ಬಿಟ್ಟಳು. ಆ ಮನೆಯಲ್ಲಿ ಬೆಳೆದವಳು ಯಂತ್ರಕ್ಕೂ ಅದನ್ನೇ ಕಲಿಸಿದೆ.

ಅನಾಹುತವಾದ ಆ ಮಧ್ಯಾಹ್ನ ಹೊಳೆ ಏರುತ್ತಿದ್ದಾಗ ನೀರಿನ ಮಟ್ಟ ಓದುವ ಭಾಗಕ್ಕೆ ಬಿಡುವೇ ಇರಲಿಲ್ಲ. ಕರ್ನೆಲ್ ಕೇಳಿದಾಗ ಅದಕ್ಕೆ ಉತ್ತರಿಸಲಾಗಲಿಲ್ಲ. ಕರ್ನೆಲ್ ಅದನ್ನು ಆಫ್ ಮಾಡಿತು. ನೀರು ಬಂದರೆ ಕೂಗಬೇಕಿದ್ದ ಸೈರನ್ ಕೂಗಲಿಲ್ಲ. ಅದನ್ನೇ ನಂಬಿದ್ದ ದೋಣಿ ಕೆರಿಯಪ್ಪ ಹೊಳೆಗಿಳಿದ. ಹೆಣ ಮೂರನೆಯ ದಿನ ಸಿಕ್ಕಿತು. ಯಂತ್ರದ ಕಾವಲಿಗಿದ್ದ ಹೂವಯ್ಯನೇ ಸ್ವಿಚ್ ಆಫ್ ಮಾಡಿ ಎದ್ದುಹೋದ ಎಂದು ಊರು ಹೇಳಿತು, ನಮ್ಮ ಆಫೀಸೂ ಹಾಗೇ ಬರೆದುಕೊಂಡಿತು.

ಹೂವಯ್ಯನವರು ಇಲ್ಲಿಗೂ ಬಂದಿದ್ದರು. “ನಾ ಸ್ವಿಚ್ ಮುಟ್ಟೇ ಇಲ್ಲ ಕಣ್ರಮ್ಮಾ. ಕೆರಿಯಪ್ಪನ ಹೆಂಡ್ತಿ ನನ್ ಕಂಡ್ರೆ ಬಾಗ್ಲು ಹಾಕ್ತಾಳೆ” ಎಂದರು. ನಾನು ಕಾಫಿ ಕೊಟ್ಟೆ.

ನನಗೆ ಅಳು ಬರಲಿಲ್ಲ ಸರೋಜ, ಈಗಲೂ ಬರುತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ. ಮೈ ಮರಗಟ್ಟಿದ ಹಾಗಿದೆ. ನಾಚಿಕೆಯೊಂದು ಮಾತ್ರ ತಿಳಿಯುತ್ತದೆ.

ತಪ್ಪು ಗೊತ್ತಾದದ್ದು ನಿನ್ನೆ, ಬರೆದದ್ದನ್ನು ಮತ್ತೆ ಓದುವಾಗ. ಆ ಪುಟವನ್ನು ಇದರೊಳಗಿಟ್ಟಿದ್ದೇನೆ. ಆ ಎರಡು ಸೆಕೆಂಡಿನ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಇದು ನನ್ನ ತಪ್ಪು ಎಂದು ಬರೆದು ಸಹಿ ಮಾಡಿದ್ದೇನೆ. ಹೂವಯ್ಯನವರು ಅದನ್ನು ವಿಚಾರಣೆಯವರ ಕೈಗೇ ಕೊಡಲಿ. ನನ್ನ ಕೆಲಸ ಹೋದರೆ ಹೋಗಲಿ.

ನಿನ್ನ ಗೆಳತಿ ಎಂದು ಬರೆಯಲು ಕೈ ಬಾರದ,
ವನಮಾಲಾ

ತಾ.ಕ.: ನಿನ್ನೆ ಗೊತ್ತಾಯಿತು ಎಂದದ್ದು ಸುಳ್ಳು. ಎಂಟು ದಿನವಾಯಿತು. ಅವರು ನನ್ನೆದುರು ಕಾಫಿ ಕುಡಿಯುತ್ತಿದ್ದಾಗಲೇ ಗೊತ್ತಿತ್ತು. ಅವರು ಹೋದ ಮೇಲೆ, ಸೋಮವಾರ ಅವರು ಸಹಿ ಹಾಕಬೇಕಾದ ತಪ್ಪೊಪ್ಪಿಗೆಯನ್ನು ಆಫೀಸಿಗೆ ಟೈಪ್ ಮಾಡಿಕೊಟ್ಟವಳೂ ನಾನೇ.