ಪಾಯಿಂಟ್ ಐದು ಹಿತ್ತಾಳೆ

ಅಪ್ಪಾ,

ನಿನ್ನ ಮೇಲೆ ಸಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹೊಳೆನರಸೀಪುರದ ನಮ್ಮ ಬೀದಿಯ ಈಶ್ವರನ ಗುಡಿ ಬಾಗಿಲಿಗೆ ನೀನು ಕಮಲಗಳನ್ನು ಎಬ್ಬಿಸಿ ಬಡಿದು ಕೊಟ್ಟಿದ್ದ ಹಿತ್ತಾಳೆ ತಗಡನ್ನು ಹೋದ ವಾರ ಬಿಚ್ಚಿದರು. ಮರಕ್ಕೆ ಗೆದ್ದಲು ಹತ್ತಿತ್ತು. ಬಿಚ್ಚಿದ್ದೇ ತಡ, ಸಮಿತಿಯ ಕಾರ್ಯದರ್ಶಿ ಹಳೇ ರಾಗ ತೆಗೆದ.

ನೀನು ತಗಡು ಒಪ್ಪಿಸಿದ ದಿನ ಅವನು ನಿನ್ನೆದುರಿಗೇ ಅಂದದ್ದು ನೆನಪಿದೆಯಾ? "ಪಾಯಿಂಟ್ ಐದು ಮಿಲಿಮೀಟ್ರು ತಗಡು ಅಂದಿದ್ರಿ ಆಚಾರ್ರೇ, ಅಳದ್ರೆ ಪಾಯಿಂಟ್ ನಾಕೇ ಬತ್ತದೆ. ಮಿಕ್ಕಿದ್ದು ಎಲ್ಲೋಯ್ತು?" ನೀನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಂದುಬಿಟ್ಟೆ. ಸಾಯುವವರೆಗೂ ಆ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು?

ಚನ್ನರಾಯಪಟ್ಟಣದಲ್ಲಿ ಮಕ್ಕಳಿಗೆ ಸಾಂದ್ರತೆಯ ಪಾಠ ಮಾಡುವವಳು ನಾನು, ಬಿಡುತ್ತೇನಾ? ತಗಡು ತೂಗಿಸಿದೆ. ಮೂರು ಕೆಜಿ ನಾನೂರು ಗ್ರಾಂ. ಹಿತ್ತಾಳೆ ಒಂದು ಘನ ಸೆಂಟಿಮೀಟರಿಗೆ ಎಂಟೂವರೆ ಗ್ರಾಂ ತೂಗುತ್ತದೆ. ಭಾಗಿಸಿದರೆ ನಾನೂರು ಘನ ಸೆಂಟಿಮೀಟರ್ ಲೋಹ. ಅದನ್ನು ವಿಸ್ತೀರ್ಣದಿಂದ ಭಾಗಿಸಿದರೆ ದಪ್ಪ, ಅಷ್ಟೇ. ನಿನ್ನ ಒಂದೊಂದು ಕಮಲದ ಎಸಳಿನ ಮೇಲೂ ನೂಲು ಹಾಯಿಸಿ, ಉಬ್ಬು ತಗ್ಗು ಒಂದನ್ನೂ ಬಿಡದೆ ಅಳೆದೆ. ಬಂದದ್ದು ಪಾಯಿಂಟ್ ನಾಲ್ಕು ಎರಡು ಮಿಲಿಮೀಟರ್. ಮೂರು ಸಲ ಮಾಡಿದರೂ ಅಷ್ಟೇ. ಹೇಳಲು ಬಾಯಿ ಬರುತ್ತಿಲ್ಲ ಅಪ್ಪಾ. ಎರಡು ದಿನ ನಾನೂ ನಿನ್ನನ್ನು ಕಳ್ಳ ಅಂದುಕೊಂಡೆ.

ಮೂರನೇ ದಿನ, ತರಗತಿಯಲ್ಲಿ ನಿಂತಿದ್ದಾಗ, ನಿನ್ನ ಅರಗಿನ ವಾಸನೆ ನೆನಪಾಯಿತು. ಅರಗಿನ ಮೇಲೆ ತಗಡಿಟ್ಟು ನೀನು ಹೂ ಎಬ್ಬಿಸುತ್ತಿದ್ದಾಗ, ಇಷ್ಟು ಉಬ್ಬು ಎಲ್ಲಿಂದ ಬಂತಪ್ಪಾ ಎಂದು ಕೇಳಿದ್ದೆನಲ್ಲ? "ಎಲ್ಲಿಂದ ಬತ್ತದವ್ವ? ಇರೋ ತಗಡೇ ಇಗ್ಗಬೇಕು. ಉಬ್ಬಿದಂಗೆಲ್ಲ ತೆಳ್ಳಗಾಯ್ತದೆ ಕಣವ್ವ" ಅಂದಿದ್ದೆ.

ಎಂಥ ದಡ್ಡಿ ನಾನು! ಬಡಿಯುವ ಮೊದಲಿನ ದಪ್ಪ ಬೇಕಿದ್ದರೆ ಬಡಿಯುವ ಮೊದಲಿನ ಅಳತೆಯೇ ಬೇಕಲ್ಲವೇ? ಶನಿವಾರ ಮನೆಗೆ ಬಂದು, ನೀನು ತಗಡು ಕತ್ತರಿಸಲು ಇಟ್ಟುಕೊಂಡಿದ್ದ ಕಾಗದದ ನಮೂನೆಯನ್ನು ಅಟ್ಟದಿಂದ ಇಳಿಸಿದೆ. ನೂರು ಸೆಂಟಿಮೀಟರ್ ಉದ್ದ, ಎಂಬತ್ತು ಅಗಲ. ಆ ನಾನೂರನ್ನು ಈ ವಿಸ್ತೀರ್ಣದಿಂದ ಭಾಗಿಸಿದೆ. ಸರಿಯಾಗಿ ಪಾಯಿಂಟ್ ಐದು ಮಿಲಿಮೀಟರ್. ಒಂದು ಚೂರೂ ಎಲ್ಲಿಗೂ ಹೋಗಿರಲಿಲ್ಲ. ಎಸಳುಗಳಲ್ಲೇ ಇತ್ತು.

ಲೆಕ್ಕ ತೆಗೆದುಕೊಂಡು ಹೋಗಿ ಕಾರ್ಯದರ್ಶಿಯ ಮುಂದಿಟ್ಟೆ. ಓದಿದ. ಕನ್ನಡಕ ಒರೆಸಿಕೊಂಡ. "ಆಯ್ತು ಬುಡಿ ಟೀಚರಮ್ಮ, ಹಳೇದೆಲ್ಲ ಯಾಕೆ ಕೆದಕ್ತೀರಾ?" ಕೆದಕಿದ್ದು ನಾನಾ? ಎಷ್ಟು ಹೊತ್ತು ನಿಂತರೂ ಅವನ ಬಾಯಿಂದ ಒಂದು "ತಪ್ಪಾಯ್ತು" ಹೊರಡಲಿಲ್ಲ.

ಸೋಮವಾರ ಹೊಸ ಬಾಗಿಲಿಗೆ ನಿನ್ನ ತಗಡನ್ನೇ ಹೊಡೆಯುತ್ತಾರೆ. ಸ್ಕೂಲಿಗೆ ರಜೆ ಹಾಕಿದ್ದೇನೆ. ನೀನು ಹತ್ತದ ಮೆಟ್ಟಿಲು ಹತ್ತಿ, ಆ ಕಮಲಗಳ ಮುಂದೆ ನಿಂತು, ಅವನು ಆಡದ ಮಾತನ್ನು ನಾನು ಆಡುತ್ತೇನೆ. ಅವನ ಪರವಾಗಿ ಅಲ್ಲ ಅಪ್ಪಾ. ನನ್ನ ಆ ಎರಡು ದಿನಕ್ಕೆ.

ನಿನ್ನ ಮಗಳು