ಇರುವೆ ಅನ್ನಬೇಡಿ

ರೀ,

ಚೂಟಿಯ ಲಸಿಕೆ ಕಾರ್ಡು ಕಳೆದಿಲ್ಲ, ನಿಮ್ಮ ಹಳೇ ಶೂ ಡಬ್ಬದಲ್ಲಿತ್ತು. ಅದಕ್ಕೆ ಕಾಲು ಬಂದಿರಬೇಕು, ಶೂ ಹುಡುಕಿಕೊಂಡು ಹೋಗಿದೆ. ಈಗ ಟೇಬಲ್ ಮೇಲಿಟ್ಟಿದ್ದೀನಿ.

ಬಾಕಿ ಇರೋ ಚುಚ್ಚುಮದ್ದು ಇವತ್ತು ಹಾಕಿಸದಿದ್ರೆ ಶಿಶುವಿಹಾರದಲ್ಲಿ ಸೇರಿಸಿಕೊಳ್ಳಲ್ಲ. ಹತ್ತು ಗಂಟೆಗೆ ಕ್ಲಿನಿಕ್ಕಿಗೆ ಹೋಗಿ.

ಲಸಿಕೆ ಬಗ್ಗೆ ನಿಮಗಿರೋ ಅನುಮಾನಗಳನ್ನೆಲ್ಲ ಈ ಚೀಟಿಯ ಹಿಂದೆ ಬರೆದಿದ್ದೀನಿ. ಡಾಕ್ಟರಮ್ಮನ್ನ ಕೇಳಿ, ಫೋನನ್ನಲ್ಲ. ಜ್ವರ ಬಂದೀತು ಅಂತ ನನಗೂ ಭಯ ಇದೆ, ಅದಕ್ಕೇ ಮಧ್ಯಾಹ್ನದ ಮೇಲೆ ರಜೆ ಹಾಕಿದ್ದೀನಿ.

ಇನ್ನೊಂದು. "ಇರುವೆ ಕಚ್ಚಿದ ಹಾಗೆ ಅಷ್ಟೇ" ಅನ್ನಬೇಡಿ. ಹೋದ ಸಲ ನೀವು ಹಾಗಂದಿದ್ದಕ್ಕೆ ಚೂಟಿ ಇವತ್ತಿಗೂ ಇರುವೆ ಕಂಡ್ರೆ ಮಂಚ ಹತ್ತುತ್ತಾಳೆ. ಸೂಜಿ ಅಂತಲೇ ಹೇಳಿ, ನೋಯುತ್ತೆ ಅಂತಲೇ ಹೇಳಿ.

ನೋಡೋಕೆ ಆಗದಿದ್ರೆ ನೀವು ಕಣ್ಣು ಮುಚ್ಚಿಕೊಳ್ಳಿ. ಅವಳ ಕೈ ಮಾತ್ರ ಬಿಡಬೇಡಿ.